ಕೆಂಪಾದ ವಾಕ್ಯ

ಭರತ್‌ಪುರ, ಚಿತವನ್
ಭಾದ್ರ 28

ಪ್ರೀತಿಯ ಫುಪು,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಈ ಕಾಗದ ಮಛಾಖೋಲಾದವರೆಗೆ ಜೀಪಿನಲ್ಲಿ ಬರುತ್ತದೆ, ಅಲ್ಲಿಂದ ಮೇಲಕ್ಕೆ ಪೆಂಬಾ ದಾಜುವಿನ ಹೇಸರಗತ್ತೆಗಳ ಮೇಲೆ. ಭೂಕುಸಿತದಲ್ಲಿ ನಿಮ್ಮ ನಮ್ರುಂಗಿನ ಟವರ್ ಮಲಗಿದೆಯೆಂದು ಅಪ್ಪ ಹೇಳಿದರು. ಸೋದರತ್ತೆಗೆ ಪತ್ರ ಬರೆಯುವುದು ನನಗೆ ಇದೇ ಮೊದಲು. ಫೋನಿನಲ್ಲಾದರೆ ನೀವೇ ಮಾತಾಡುತ್ತೀರಿ, ನಾನು ಹೂಂ ಅಂದರೆ ಸಾಕಿತ್ತು.

ಭಾಷಾ ಶಾಲೆ ಕೆಳಗೆ, ಹಾಸ್ಟೆಲು ಮೇಲೆ. ನಾವು ನಲವತ್ತೊಂದು ಹುಡುಗಿಯರು. ಎಲ್ಲರಿಗೂ ಬೇಕಿರುವುದು ಒಂದೇ, ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಮಂಗ್ಸಿರ್ ಹತ್ತಕ್ಕೆ ಅಲ್ಲಿನ ಒಂದು ವೃದ್ಧಾಶ್ರಮದವರು ವಿಡಿಯೋದಲ್ಲಿ ಸಂದರ್ಶನ ಮಾಡುತ್ತಾರೆ. ಒಂಬತ್ತೇ ಜನರಿಗೆ ಅವಕಾಶ. ಆ ಒಂಬತ್ತು ಜನ ಯಾರೆಂದು ತೀರ್ಮಾನಿಸುವುದು ನಮ್ಮ ಲೀಲಾನಾಥ ಸರ್ ಅಲ್ಲ, ಫೋನು.

ಫೋನಿನಲ್ಲಿ ಒಂದು ಆ್ಯಪ್ ಇದೆ. ಅದರಲ್ಲಿ ಜಪಾನಿ ವಾಕ್ಯ ಬರುತ್ತದೆ, ನಾವು ಓದಬೇಕು. ನಮ್ಮದೇ ವಾಕ್ಯ ಬರೆದು ಹಾಕಿಯೂ ಓದಬಹುದು. ಕೇಳಿಸಿಕೊಂಡು ಪ್ರತಿ ಪದಕ್ಕೂ ಬಣ್ಣ ಬಳಿಯುತ್ತದೆ: ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಕೊನೆಗೆ ನೂರಕ್ಕೆ ಇಷ್ಟು ಎಂದು ಅಂಕ. ಸರಾಸರಿ ಎಂಬತ್ತೈದು ದಾಟಿದವರ ಹೆಸರು ಪಟ್ಟಿಗೆ ಹೋಗುತ್ತದೆ. ಮೊದಲ ದಿನ ನನಗೆ ಅರವತ್ತೊಂದು ಬಂತು. 'ಶುರುಗೆ ಪರವಾಗಿಲ್ಲ ಬಹಿನಿ' ಅಂದರು ಸರ್, ತಂಗಿಗೆ ಹೇಳುವ ಹಾಗೆ. ಪಕ್ಕದ ಮಂಚದ ರಸ್ಮಿತಾ ಚೌಧರಿಗೆ ಎಂಬತ್ತೆಂಟು. ಥಾರೂ ಹುಡುಗಿ, ಉಪ್ಪು ಕೇಳಿದರೂ ಹಾಡಿದ ಹಾಗಿರುತ್ತದೆ.

ಚಿಂತೆ ಮಾಡಬೇಡಿ. ಊಟ ಪರವಾಗಿಲ್ಲ. ನಾನು ಚೆನ್ನಾಗಿದ್ದೇನೆ.

ಸುಬೀನಾ


ನಮ್ರುಂಗ್
ಅಸೋಜ್ 9

ನಾನಿ,

ಕೂಸೇ, ನಿನ್ನ ಕಾಗದಕ್ಕೆ ಇಲ್ಲಿ ತಲುಪಲು ಹನ್ನೊಂದು ದಿನ ಬೇಕಾಯಿತು. ಅದರಲ್ಲಿ ಐದು ದಿನ ಪೆಂಬಾನ ಹತ್ತಿರವೇ ಇತ್ತು. 'ಏನೋ, ಹೇಸರಗತ್ತೆಗೆ ಓದಿಸ್ತಿದ್ದೆಯಾ?' ಅಂದೆ. 'ಇಲ್ಲ ದಿದಿ, ಮೂಲಂಗಿ ಚೀಲದ ಕೆಳಗೆ ಮರೆತುಹೋಯ್ತು' ಅಂದ. ನಿನ್ನ ಮಾತನ್ನೆಲ್ಲ ಮೂಲಂಗಿ ವಾಸನೆಯಲ್ಲೇ ಓದಿದೆ.

ಚೆನ್ನಾಗಿದ್ದೇನೆ ಅಂತ ಎರಡು ಸಲ ಬರೆದಿದ್ದೀಯ. ಒಂದು ಸಲ ಬರೆದಿದ್ದರೆ ನಂಬುತ್ತಿದ್ದೆ.

ನನ್ನ ಬಂಡವಾಳ ನಿನಗೆ ಗೊತ್ತು. ಓದಿದ್ದು ಮೂರನೇ ಕ್ಲಾಸು, ಆಡುವುದು ಆರು ಭಾಷೆ. ಗುರುಂಗ್, ನೇಪಾಳಿ, ಭೋಟೆ, ಇಂಗ್ಲಿಷ್, ಜಪಾನಿ, ಫ್ರೆಂಚ್. ಫ್ರೆಂಚನ್ನು ಲೆಕ್ಕಕ್ಕೆ ಹಿಡಿಯುವುದು ನಾನೊಬ್ಬಳೇ, ಫ್ರೆಂಚರು ಹಿಡಿಯುವುದಿಲ್ಲ. ಜಪಾನಿ ಮಾತ್ರ ಹಾಗಲ್ಲ. ಇಪ್ಪತ್ತೆರಡು ವರ್ಷದಿಂದ ಆಡುತ್ತಿದ್ದೇನೆ. ಕಲಿಸಿದವರು ಈ ಬೆಟ್ಟ ಹತ್ತಲು ಬಂದು ನನ್ನ ಹೋಟೆಲಿನಲ್ಲಿ ಉಂಡ ಗಿರಾಕಿಗಳು. ಆಲೂಗಡ್ಡೆ ಬೇಕಾ ಅಂತ ಕೇಳಿದೆ, ಹೂಂ ಅಂದು ತಿಂದರೆ ಪಾಸು. ಬಿಸಿನೀರು ಕೇಳಿದವನ ಮುಂದೆ ಚಹಾ ಇಟ್ಟರೆ ಫೇಲು. ತಟ್ಟೆಯಲ್ಲೇ ಫಲಿತಾಂಶ, ಮಾರನೇ ದಿನಕ್ಕೆ ಕಾಯುವ ಹಾಗಿಲ್ಲ.

ನಿನ್ನ ಫೋನ್ ಮಾಸ್ತರು ತಪ್ಪನ್ನು ತಿದ್ದುತ್ತಾನೋ, ಬರೀ ಅಂಕ ಎಸೆಯುತ್ತಾನೋ? ಅದು ಬರೆ. ಪ್ರತಿ ಕಾಗದದಲ್ಲೂ ನಿನ್ನ ಅಂಕ ಇರಲಿ. ಅಂಕಿ ಕೈಗೆ ಸಿಕ್ಕರೆ ನನಗೆ ಮನುಷ್ಯರ ಮುಖ ಕಾಣುತ್ತದೆ.

ನಿನ್ನ ಫುಪು
ಯಾಮಕುಮಾರಿ


ಭರತ್‌ಪುರ
ಅಸೋಜ್ 24

ಪೂಜ್ಯ ಫುಪು ಅವರಿಗೆ,

ದಶೈಂ ಹಬ್ಬದ ಶುಭಾಶಯಗಳು. ಅಭ್ಯಾಸ ತಪ್ಪಬಾರದೆಂದು ಈ ಸಲ ಊರಿಗೆ ಹೋಗಲಿಲ್ಲ. ಅಂಕ ಕೇಳಿದ್ದಿರಿ. ಈ ವಾರದ ಸರಾಸರಿ ತೊಂಬತ್ತನಾಲ್ಕು. ಪಟ್ಟಿಯಲ್ಲಿ ನನ್ನ ಹೆಸರು ಎರಡನೆಯದು. ಸರ್ ತರಗತಿಯಲ್ಲಿ ಚಪ್ಪಾಳೆ ಹೊಡೆಸಿದರು.

ಬೇರೆ ವಿಶೇಷವಿಲ್ಲ.

ಸುಬೀನಾ ಗುರುಂಗ್


ನಮ್ರುಂಗ್
ಕಾರ್ತಿಕ 5

ನಾನಿ,

ನಾನು ಯಾವಾಗಿನಿಂದ ಪೂಜ್ಯಳಾದೆ? ಹೆಸರಿನ ಮುಂದೆ ಗುರುಂಗ್ ಬೇರೆ ಬರೆದಿದ್ದೀಯ, ನಮ್ಮ ಮನೆಯಲ್ಲಿ ಇನ್ನೊಬ್ಬ ಸುಬೀನಾ ಇದ್ದ ಹಾಗೆ.

ಅರವತ್ತೊಂದು ಇದ್ದದ್ದು ಇಪ್ಪತ್ತೇಳು ದಿನಕ್ಕೆ ತೊಂಬತ್ತನಾಲ್ಕು. ಯಾಕ್ ಕರು ಕೂಡ ಈ ವೇಗದಲ್ಲಿ ಬೆಳೆಯುವುದಿಲ್ಲ. ಸಂತೋಷ. ಆದರೆ ಚಪ್ಪಾಳೆ ಹೊಡೆಸಿಕೊಂಡ ಹುಡುಗಿ ನಾಲ್ಕು ಸಾಲಿಗೆ ಕಾಗದ ಮುಗಿಸುವುದಿಲ್ಲ, ಅಕ್ಕಪಕ್ಕದವರ ಮುಖ ಹೇಗಾಯಿತೆಂದು ಎರಡು ಪುಟ ಬರೆಯುತ್ತಾಳೆ. ನೀನು ಬರೆದಿಲ್ಲ. ಅಂದರೆ ಮನಸ್ಸು ಬೇರೆ ಕಡೆ ಇದೆ. ಯಾರವನು? ಹೆಸರು, ಊರು, ಕೆಲಸ, ಮೂರನ್ನೂ ಬರೆ. ನಿನ್ನಪ್ಪನಿಗೆ ಹೇಳುವುದಿಲ್ಲ. ಅವನು ಸಿಟ್ಟಾದರೂ ನಾನು ನೋಡಿಕೊಳ್ಳುತ್ತೇನೆ, ಚಿಕ್ಕಂದಿನಿಂದ ನೋಡಿಕೊಂಡೇ ಬಂದಿದ್ದೇನೆ.

ಇಲ್ಲಿ ಗಿರಾಕಿಗಳ ಕಾಲ. ಈ ವಾರ ಹದಿನೇಳು ಜಪಾನಿಯರು ಉಂಡು ಹೋದರು. ಟವರಿನ ಕಥೆ ಕೇಳಬೇಡ, ಅದು ಹಾಗೇ ಇದೆ.

ಒಂದು ಮಾತು. ಈ ಕೆಲಸ ಯಾಕೆ ಬೇಕು ಅಂತ ಅವರು ಕೇಳಿಯೇ ಕೇಳುತ್ತಾರೆ. ಏನು ಹೇಳುತ್ತೀಯೋ ನನಗೆ ಮೊದಲು ಬರೆ.

ಫುಪು


ಭರತ್‌ಪುರ
ಕಾರ್ತಿಕ 16

ಫುಪು,

ಹುಡುಗ ಇಲ್ಲ. ಇದ್ದಿದ್ದರೆ ಹೇಳುವುದು ಸುಲಭವಿತ್ತು. ತೊಂಬತ್ತನಾಲ್ಕು ನನ್ನದಲ್ಲ, ರಸ್ಮಿತಾಳದು.

ನಲವತ್ತೊಂದು ಜನ ಒಂದೇ ದೊಡ್ಡ ಕೋಣೆಯಲ್ಲಿ ಬೆಳಿಗ್ಗೆ ಐದಕ್ಕೆ ಓದಲು ಕೂತರೆ ಒಬ್ಬಳ ಫೋನಿಗೆ ಇನ್ನೊಬ್ಬಳ ದನಿ ಬೀಳುತ್ತದೆ. ಅದಕ್ಕೆ ಎಲ್ಲರೂ ತಲೆತುಂಬ ಕೌದಿ ಹೊದ್ದು, ಒಳಗೆ ಫೋನಿಗೆ ತುಟಿ ತಾಗಿಸಿ ಪಿಸುಗುಡುತ್ತೇವೆ. ಬಾಗಿಲಲ್ಲಿ ನಿಂತರೆ ನಲವತ್ತೊಂದು ಕೌದಿಗಳು ಗೊಣಗುವುದು ಕೇಳುತ್ತದೆ. ಪಿಸುಗುಟ್ಟಿದರೆ ಅಂಕವೂ ನಾಲ್ಕೈದು ಹೆಚ್ಚು, ಅದನ್ನು ಇಲ್ಲಿ ಎಲ್ಲರೂ ಕಂಡುಕೊಂಡಿದ್ದಾರೆ.

ನನಗೆ ಅದರಿಂದಲೂ ಏರಲಿಲ್ಲ. ನೀವು ಕೇಳಿದ್ದಿರಲ್ಲ, ತಿದ್ದುತ್ತದೋ ಅಂತ. ಇಲ್ಲ. ಕೆಂಪು ಯಾಕೆ ಬಂತೆಂದು ಅದು ಹೇಳುವುದಿಲ್ಲ. ಮತ್ತೆ ಓದಿದರೆ ಮತ್ತೆ ಕೆಂಪು. ಮೂರನೇ ಸಲ, ಮೊದಲು ಹಸಿರಿದ್ದ ಪದವೂ ಕೆಂಪು. ಅಷ್ಟರಲ್ಲಿ ಅಂಗೈ ಬೆವರಿ ಫೋನು ಜಾರುತ್ತದೆ. ಐವತ್ತೆಂಟು, ಐವತ್ತಮೂರು, ನಲವತ್ತೊಂಬತ್ತು. ಓದಿದಷ್ಟೂ ಇಳಿಯಿತು. ಒಂದು ದಿನ ರಸ್ಮಿತಾ ನನ್ನ ಕೌದಿಯೊಳಗೆ ತಲೆ ತೂರಿಸಿ, 'ಕೊಡಿಲ್ಲಿ, ನೀನು ಅಳೋದು ಕೇಳಿ ನನ್ನ ಫೋನೂ ಕೆಂಪಾಗ್ತಿದೆ' ಅಂದು ನನ್ನ ಪಾಠ ಓದಿಬಿಟ್ಟಳು. ಹಸಿರೋ ಹಸಿರು. ಮಾರನೇ ದಿನ ನಾನೇ ಕೈಚಾಚಿ ಕೊಟ್ಟೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನನ್ನ ದನಿಯಲ್ಲಿ ಹಸಿರಾಗುವ ವಾಕ್ಯಗಳನ್ನು ಬೇರೆ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಅರವತ್ತಮೂರು ಇವೆ. ತರಗತಿಯಲ್ಲಿ ಅಷ್ಟರೊಳಗೇ ಬದುಕುತ್ತೇನೆ. ಕೆಂಪಾದದ್ದನ್ನು ಬಾಯಿಗೇ ತರುವುದಿಲ್ಲ. ನಿನ್ನೆ ಹೊಟ್ಟೆ ನೋಯುತ್ತಿತ್ತು. ಹೊಟ್ಟೆನೋವಿನ ವಾಕ್ಯ ಹಸಿರಿಲ್ಲ. ಸರ್ ಹೇಗಿದ್ದೀಯ ಅಂದಾಗ ಇವತ್ತು ಹವೆ ಚೆನ್ನಾಗಿದೆ ಅಂದೆ.

ಈ ಕೆಲಸ ಯಾಕೆ ಬೇಕು? 'ನನಗೆ ಜಪಾನಿನ ಸಂಸ್ಕೃತಿ ಇಷ್ಟ.' ತೊಂಬತ್ತಾರು ಅಂಕದ ವಾಕ್ಯ. ನಿಜವಾದದ್ದು ಬೇರೆ: 'ನಾಲ್ಕು ವರ್ಷ ನನ್ನ ಅಜ್ಜಿಗೆ ಸ್ನಾನ ಮಾಡಿಸಿದೆ, ಮಗ್ಗುಲು ತಿರುಗಿಸಿದೆ, ಕೊನೆಯವರೆಗೆ ಜೊತೆಗಿದ್ದೆ.' ಅದನ್ನು ನಾನೇ ಬರೆದು ಹಾಕಿ ಹದಿನಾಲ್ಕು ಸಲ ಓದಿದೆ. ಹದಿನಾಲ್ಕು ಸಲವೂ ಕೆಂಪು. ಈಗೀಗ ಅದು ನಡೆದದ್ದು ಹೌದೋ ಅಲ್ಲವೋ ಅಂತ ನನಗೇ ಅನುಮಾನ ಬರುತ್ತದೆ.

ಸಂದರ್ಶನ ಹತ್ತಿರ ಬಂತು. ಏನು ಮಾಡಲಿ? ಬೇಗ ಬರೆಯಿರಿ.

ಸುಬೀನಾ


ಭರತ್‌ಪುರ
ಮಂಗ್ಸಿರ್ 3

ಫುಪು,

ನಿಮ್ಮ ಉತ್ತರ ಬರಲಿಲ್ಲ. ಪೆಂಬಾ ದಾಜು ಎರಡು ಸಲ ಇಳಿದು ಬಂದರಂತೆ, ನೀವು ಕಾಗದ ಕೊಟ್ಟಿರಲಿಲ್ಲವಂತೆ. ಸಿಟ್ಟಾಗಿದ್ದೀರಿ. ಕದ್ದ ಅಂಕಕ್ಕೋ, ಅಜ್ಜಿಯ ಮಾತೆತ್ತಿದ್ದಕ್ಕೋ ತಿಳಿಯುತ್ತಿಲ್ಲ.

ಕಾದು ಕಾದು ನಾನೇ ಹೋಗಿ ಹೇಳಿದೆ.

'ಸರ್, ಆ ಅಂಕ ನನ್ನದಲ್ಲ.'

'ಮತ್ತೆ ಯಾರದು?'

'ಅದು ಹೇಳಲ್ಲ ಸರ್. ನನ್ನದಲ್ಲ, ಅಷ್ಟೇ.'

ಅವರು ತಮ್ಮ ಕಂಪ್ಯೂಟರ್ ತೆರೆದು ನನ್ನ ಹೆಸರಿನಲ್ಲಿದ್ದ ಧ್ವನಿಯನ್ನು ಹಾಕಿದರು. ಒಂದು ವಾಕ್ಯ ಮುಗಿಯುವುದರೊಳಗೆ ನಿಲ್ಲಿಸಿದರು. 'ಇದು ಯಾರ ದನಿ ಅಂತ ಇಡೀ ಬೀದಿಗೆ ಗೊತ್ತು' ಅಂದರು. ಆಮೇಲೆ 'ನಾನು ಅಂಕ ನೋಡ್ತಿದ್ದೆ ಬಹಿನಿ. ಒಂದು ದಿನಾನೂ ಕೇಳಿರ್ಲಿಲ್ಲ' ಅಂದರು.

ಪಟ್ಟಿಯಿಂದ ನನ್ನ ಹೆಸರು ತೆಗೆದಿದ್ದಾರೆ. ರಸ್ಮಿತಾಳದ್ದು ಅವಳದೇ ಅಂಕ, ಅದು ಉಳಿಯಿತು, ಬೈಗುಳ ಮಾತ್ರ ಇಬ್ಬರಿಗೂ ಸಮ. ಮಾಘದಲ್ಲಿ ಇನ್ನೊಂದು ಸಂದರ್ಶನ ಇದೆ. ಅದೂ ತಪ್ಪಿದರೆ ನಾನು ಊರಿಗೆ ಬರುವುದೇ. ನನಗೆ ಚೆನ್ನಾಗಿ ಬರುವುದು ಈ ಒಂದೇ ಕೆಲಸ, ಅದನ್ನು ಮಾಡಬಲ್ಲೆ ಅಂತ ಹೇಳುವುದಕ್ಕೆ ಮಾತ್ರ ಬರುತ್ತಿಲ್ಲ.

ಸಿಟ್ಟಿದ್ದರೆ ಬೈದಾದರೂ ಬರೆಯಿರಿ.

ಸುಬೀನಾ


ನಮ್ರುಂಗ್
ಮಂಗ್ಸಿರ್ 6

ನಾನಿ,

ನಿನ್ನ ಹದಿನಾರನೇ ತಾರೀಕಿನ ಕಾಗದ ಇಪ್ಪತ್ತಾರಕ್ಕೆ ಸಿಕ್ಕಿತು. ಆಮೇಲೆ ಉತ್ತರ ಬರೆಯದೆ ಕೂತೆ. ನಿನ್ನ ಮೇಲೆ ಸಿಟ್ಟಲ್ಲ. ನನ್ನ ಬಾಯಿ ಕಟ್ಟಿತ್ತು.

ಮೊದಲು ನನ್ನ ಸುಳ್ಳು. ಟವರ್ ಕಾರ್ತಿಕ ಎರಡಕ್ಕೇ ಎದ್ದಿದೆ. ಫೋನಿನಲ್ಲಿ ನೀನು ಹೂಂ ಅನ್ನುವ ಹುಡುಗಿ, ಕಾಗದದಲ್ಲಿ ಬೇರೆಯೇ ಹುಡುಗಿ. ಆ ಎರಡನೆಯವಳು ತಪ್ಪಿಹೋಗದಿರಲಿ ಅಂತ ಟವರನ್ನು ಮಲಗಿಸಿಯೇ ಇಟ್ಟೆ.

ನಿನ್ನ ಕಾಗದ ಓದಿದ ಮಧ್ಯಾಹ್ನ ಒಬ್ಬ ಗಿರಾಕಿಯಿಂದ ಆ ಆ್ಯಪನ್ನು ನನ್ನ ಫೋನಿಗೆ ಹಾಕಿಸಿದೆ. ನಮ್ಮ ಹುಡುಗಿಯನ್ನು ಅಳಿಸಿದ ಯಂತ್ರಕ್ಕೆ ಜಪಾನಿ ಅಂದರೆ ಏನೆಂದು ತೋರಿಸೋಣ ಅಂತ. ಅವನು ಟೈಪು ಮಾಡಿದ, ನಾನು ಬಾಯಲ್ಲಿ ಹೇಳಿದೆ: 'ಊಟ ತಯಾರಿದೆ ಬನ್ನಿ, ಬೂಟು ಹೊರಗೆ ಬಿಡಿ.' ದಿನಕ್ಕೆ ಹತ್ತು ಸಲ ಆಡುವ ಮಾತು. ಮೂವತ್ತೊಂದು. ಮತ್ತೆ ಹೇಳಿದೆ, ಇಪ್ಪತ್ತೆಂಟು. ಊಟವೂ ಕೆಂಪು, ಬೂಟೂ ಕೆಂಪು.

ನಕ್ಕುಬಿಡಬೇಕಿತ್ತು. ಸಂಜೆ ಆರು ಜನ ಜಪಾನಿಯರು ಬಂದರು. ಬಾಯಿ ತೆರೆಯಹೊರಟರೆ ಕೆಂಪು ಬೂಟು ಕಣ್ಣ ಮುಂದೆ. ಮೆನು ಮುಂದಿಟ್ಟು ಬೆರಳು ತೋರಿಸಿದೆ. ಒಂಬತ್ತು ದಿನ ಬೆರಳಿನಲ್ಲೇ ಹೋಟೆಲು ನಡೆಸಿದೆ. ಅಡುಗೆಮನೆಯ ಲ್ಹಾಮು, 'ದಿದಿ, ಹಲ್ಲುನೋವಾ?' ಅಂದಳು. ಹೂಂ ಅಂದೆ. ಲವಂಗ ತಂದುಕೊಟ್ಟಳು. ಇಲ್ಲದ ನೋವಿಗೆ ಒಂಬತ್ತು ದಿನ ಲವಂಗ ಅಗಿದೆ. ಒಳಗೆ ಕೊರೆಯುತ್ತಿದ್ದದ್ದು ಬೇರೆ: ಇಷ್ಟು ವರ್ಷ ಆ ಜನ ತಲೆಯಾಡಿಸಿದ್ದು ತಿಳಿದೋ, ಮರ್ಯಾದೆಗೋ?

ಮೊನ್ನೆ ಒಬ್ಬಾಕೆ ಬಂದರು. ಒಕುಮುರಾ ಅಂತ, ಎಪ್ಪತ್ತರ ಹತ್ತಿರ, ಎರಡು ಕೋಲು ಊರಿಕೊಂಡು. ನಾನು ಮೆನು ತೋರಿಸಿದರೆ ಆಕೆ ಅದನ್ನು ನೋಡದೆ ಸುತ್ತಮುತ್ತ ಹುಡುಕಿದರು. 'ಇಲ್ಲೊಬ್ಬರು ಬಾಯಿ ಮುಚ್ಚದೆ ಮಾತಾಡೋ ಹೆಂಗಸಿದ್ದಾರೆ ಅಂತ ನನ್ನ ತಮ್ಮ ಹೇಳಿದ್ದ. ಅವರಿಲ್ವಾ?' ಅಂತ ಜಪಾನಿಯಲ್ಲಿ ಕೇಳಿದರು. ಇಲ್ಲ, ಅವಳು ಊರಿಗೆ ಹೋಗಿದ್ದಾಳೆ ಅಂದೆ. ಅದೂ ಜಪಾನಿಯಲ್ಲೇ ಬಂತು. ಆಕೆ ಬೆಂಚಿನ ಮೇಲೆ ಕೂತು ನಗತೊಡಗಿದರು.

ನಿನ್ನೆ ಮೇಲಿನ ದಾರಿಯಲ್ಲಿ ಹಿಮ ಬಿದ್ದು ಆಕೆ ಇಲ್ಲೇ ಉಳಿದರು. ಒಲೆಯ ಪಕ್ಕ ಕೂತು ಇಬ್ಬರೂ ಲೆಕ್ಕ ಮಾಡಿದೆವು. ನಾನು ದಿನಾ ಆಡುವ ನಲವತ್ತು ವಾಕ್ಯ. ಯಂತ್ರ ಏನಂದಿತು ಈ ಕಡೆ, ಒಕುಮುರಾ ಏನಂದರು ಆ ಕಡೆ. ಯಂತ್ರ ಕೆಂಪು ಬಳಿದದ್ದು ಇಪ್ಪತ್ತೇಳಕ್ಕೆ. ಅದರಲ್ಲಿ ಹತ್ತೊಂಬತ್ತು ಆಕೆಗೆ ಮೊದಲ ಸಲವೇ ತಿಳಿಯಿತು. ಐದನ್ನು ಇನ್ನೊಮ್ಮೆ ಹೇಳಿಸಿದರು. ಉಳಿದ ಮೂರು ಎಷ್ಟು ಹೇಳಿದರೂ ತಿಳಿಯಲಿಲ್ಲ. ಆ ಮೂರನ್ನು ಇಪ್ಪತ್ತೆರಡು ವರ್ಷ ಆಡಿದ್ದೇನೆ, ಒಬ್ಬ ಗಿರಾಕಿಯೂ ಬಾಯಿಬಿಟ್ಟಿರಲಿಲ್ಲ. ಅಷ್ಟರಮಟ್ಟಿಗೆ ಯಂತ್ರವೇ ಪ್ರಾಮಾಣಿಕ. ಆದರೆ ಅದು ಹಸಿರು ಕೊಟ್ಟ ಹದಿಮೂರರಲ್ಲಿ ಎರಡು ಆಕೆಗೆ ಅರ್ಥವಾಗಲಿಲ್ಲ. ಅಲ್ಲಿ ಪ್ರಾಮಾಣಿಕ ಅನ್ನುವ ಹಾಗಿಲ್ಲ.

ಹಾಗಾಗಿ ಅದನ್ನು ಎಸೆಯಬೇಡ. ನಾನು ಪೆಂಬಾನನ್ನು ನಂಬುವಷ್ಟು ನಂಬು. ಸಾಮಾನು ತರುತ್ತಾನೆ, ಆದರೆ ಚೀಲ ಬಿಚ್ಚಿ ಎಣಿಸದೆ ನಾನು ಒಳಗಿಡುವುದಿಲ್ಲ. ಕೆಂಪಾದ ವಾಕ್ಯ ಮುಚ್ಚಿಡುವುದಕ್ಕಲ್ಲ, ಕಿವಿ ಇರುವ ಒಬ್ಬರ ಮುಂದೆ ಹೇಳಿ ನೋಡುವುದಕ್ಕೆ.

ನಿನಗೆ ಫೋನೂ ಮಾಡಿದೆ, ಎರಡು ಸಲ. ನೀನು ಎತ್ತಲಿಲ್ಲ. ನಿನ್ನ ಅಜ್ಜಿಯ, ನನ್ನ ಅಮ್ಮನ ವಿಷಯ ಬರೆದಿದ್ದೀಯಲ್ಲ, ಅದಕ್ಕೆ ಬೇರೆ ಕಾಗದ ಬೇಕು.

ಫುಪು


ಭರತ್‌ಪುರ
ಮಂಗ್ಸಿರ್ 22

ಫುಪು,

ಮೂವತ್ತೊಂದು! ಕೌದಿಯೊಳಗೆ ನಕ್ಕೆ. ಆಮೇಲೆ ಲವಂಗದ ಭಾಗ ಬಂದಾಗ ಅತ್ತೆ. ಫೋನ್ ಎತ್ತದ್ದಕ್ಕೆ ಕ್ಷಮಿಸಿ. ನಿಮ್ಮ ನಂಬರೆಂದು ಗೊತ್ತಿತ್ತು. ಯಾರಿಗೂ ನನ್ನ ದನಿ ಕೇಳಿಸುವ ಧೈರ್ಯವಿರಲಿಲ್ಲ, ನೇಪಾಳಿಯಲ್ಲೂ.

ನಾನಿಲ್ಲದೆ ಸಂದರ್ಶನ ನಡೆಯಿತು. ಒಂಬತ್ತು ಜನ ಕೂತರು, ಆಯ್ಕೆಯಾದವರು ಇಬ್ಬರು. ರಸ್ಮಿತಾ ಆಗಲಿಲ್ಲ. ಅವಳ ಸರಾಸರಿ ತೊಂಬತ್ತಾರಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತವಳು ಏಳಲೇ ಇಲ್ಲ.

'ಎಲ್ಲಾ ಹಸಿರು ವಾಕ್ಯಾನೇ ಹೇಳಿದ್ದು ಕಣೇ. ಅವರು ಕೇಳಿಸ್ತಿಲ್ಲ, ಕೇಳಿಸ್ತಿಲ್ಲ ಅಂತಾನೇ ಇದ್ರು. ಇನ್ನೊಂದ್ಸಲ ಹೇಳಿ ಅಂದ್ರು, ಇನ್ನೂ ಮೆಲ್ಲಗೆ ಬಂತು. ಫೋನಿಗೆ ಕೇಳುತ್ತೆ, ಮನುಷ್ಯರಿಗೆ ಕೇಳಲ್ಲ ಅಂದ್ರೆ ಏನೇ ಅದು?'

ಕೌದಿಯೊಳಗೆ ಕಲಿತ ಜಪಾನಿ ಫುಪು. ನಲವತ್ತೊಂದು ಜನಕ್ಕೂ ಅದೇ. ಕಿವಿ ಮಂದವಾದ ಅಜ್ಜ ಅಜ್ಜಿಯರನ್ನು ನೋಡಿಕೊಳ್ಳುವವರು ಪಿಸುಗುಟ್ಟಿದರೆ ಯಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ?

ಮಾರನೇ ದಿನ ತರಗತಿಯಲ್ಲಿ ರಸ್ಮಿತಾ ಎದ್ದು ನಿಂತು, 'ಸರ್, ನೀವು ಒಂದ್ಸಲ ಓದಿ ನೋಡೋಣ' ಅಂದು ಫೋನು ಚಾಚಿದಳು. ಸರ್ ಒಂಬತ್ತು ವರ್ಷ ಜಪಾನಿನಲ್ಲಿದ್ದವರು. ಅವರು ಎಂದೂ ನಮ್ಮೆದುರು ಅದಕ್ಕೆ ಓದಿರಲಿಲ್ಲ. ಓದಿದರು. ಎಪ್ಪತ್ತನಾಲ್ಕು. 'ಒಂಬತ್ತು ವರ್ಷ ಅಲ್ಲಿ ಅನ್ನ ತಿಂದಿದೀನಿ. ಈ ಎಪ್ಪತ್ತನಾಲ್ಕು ನನಗೆ ಎರಡು ವರ್ಷದಿಂದ ಗೊತ್ತು. ಅದಕ್ಕೇ ಓದಿರ್ಲಿಲ್ಲ' ಅಂದರು. ನಿಮ್ಮ ಕಾಗದ ಬಂದ ದಿನ ಅವರಿಗೆ ನಿಮ್ಮ ಲೆಕ್ಕ ಓದಿ ಹೇಳಿದೆ. ಎರಡು ಸಲ ಓದಿಸಿದರು.

ಈಗ ನಿಯಮ ಬದಲಾಗಿದೆ. ಬೆಳಿಗ್ಗೆ ಹಿತ್ತಲಲ್ಲಿ ಇಬ್ಬಿಬ್ಬರು ಎರಡು ತುದಿಗೆ ನಿಲ್ಲಬೇಕು. ಒಬ್ಬಳು ಜಪಾನಿಯಲ್ಲಿ ಹೇಳಿದ್ದನ್ನು ಇನ್ನೊಬ್ಬಳು ಮಾಡಬೇಕು. ಬಕೆಟ್ ಎತ್ತು, ಬಾಗಿಲು ಮುಚ್ಚು, ಹೊರಳಿ ಮಲಗು. ಮಾಡಿದರೆ ಪಾಸು. ಮೊದಲ ದಿನ ನನ್ನ ದನಿ ಅರ್ಧ ಹಿತ್ತಲೂ ದಾಟಲಿಲ್ಲ, ರಸ್ಮಿತಾ ಬಕೆಟಿನ ಬದಲು ಪೊರಕೆ ಎತ್ತಿದಳು. ನಾಲ್ಕನೇ ದಿನ ಗೋಡೆಯಾಚೆಯ ಮುದುಕ, 'ಏ ಹುಡುಗೀರಾ, ನಿಮ್ಮ ಅರಚಾಟಕ್ಕೆ ನಮ್ಮೆಮ್ಮೆ ಹಾಲು ಬಿಡ್ತಿಲ್ಲ!' ಅಂತ ಕೂಗಿದ. ರಸ್ಮಿತಾ ಜಪಾನಿಯಲ್ಲೇ ದೊಡ್ಡ ದನಿಯಲ್ಲಿ ಎಮ್ಮೆಗೆ ಕ್ಷಮೆ ಕೇಳಿದಳು.

ಫೋನು ಮಧ್ಯಾಹ್ನಕ್ಕೆ. ಕೆಂಪಾದವನ್ನು ಬರೆದುಕೊಂಡು ಸರ್ ಹತ್ತಿರ ಹೋಗುತ್ತೇವೆ. ನನ್ನ ಆ ವಾಕ್ಯವನ್ನೂ ಹೇಳಿದೆ. ಎರಡು ಪದ ನಿಜಕ್ಕೂ ತಪ್ಪಿತ್ತು, ಯಂತ್ರ ಹೇಳಿದ್ದು ಸರಿ. ಅವು ಈಗ ಹಸಿರು. ಇನ್ನೊಂದು ಪದ ಇವತ್ತಿಗೂ ಕೆಂಪು. 'ಅದು ನನಗೆ ಕೇಳಿಸ್ತು, ಬಿಡು' ಅಂದರು. ಬಿಟ್ಟಿದ್ದೇನೆ. ಪೂರ್ತಿ ಬಿಡಲು ಆಗುತ್ತಿಲ್ಲ, ದಿನಕ್ಕೊಮ್ಮೆ ಓದಿ ನೋಡುತ್ತೇನೆ.

ಈ ವಾರದ ಸರಾಸರಿ ಎಪ್ಪತ್ತೊಂದು. ನನ್ನದೇ.

ಸುಬೀನಾ


ನಮ್ರುಂಗ್
ಪುಸ್ 9

ನಾನಿ,

ನಿನ್ನ ಎರಡೂ ಕಾಗದ ಮುಂದಿವೆ. ಹೆಸರು ತೆಗೆಸಿಕೊಂಡದ್ದಕ್ಕೆ ಬೈದು ಬರೆಯಿರಿ ಅಂದಿದ್ದೀಯ. ಬೈಯುವ ವಿಷಯ ಅದರಲ್ಲಿ ನನಗೆ ಸಿಗಲಿಲ್ಲ. ಎಪ್ಪತ್ತೊಂದನ್ನು ಬರೆದಿಟ್ಟುಕೊಂಡೆ.

ಗಿರಾಕಿಗಳು ಮುಗಿದರು. ಒಲೆ, ನಾನು, ಲ್ಹಾಮು. ಬರೆಯದಿರಲು ನೆಪ ಉಳಿದಿಲ್ಲ.

ಅಮ್ಮ ಮಲಗಿದ್ದು ನಾಲ್ಕು ವರ್ಷ. ಇಲ್ಲಿಂದ ನಿಮ್ಮ ಮನೆಗೆ ಎರಡು ದಿನದ ದಾರಿ. ನಾನು ಬಂದದ್ದು ಏಳು ಸಲ. ಗಿರಾಕಿಗಳಿದ್ದರು ಅಂದೆ. ಇದ್ದರು, ಸುಳ್ಳಲ್ಲ. ಬಂದಾಗಲೂ ಮಾತಾಡಿದವಳು ನಾನೇ. ಅವರ ಕಥೆ ಇವರ ಕಥೆ ಹೇಳಿ ಅಮ್ಮನನ್ನು ನಗಿಸಿ ಮಾರನೇ ಬೆಳಿಗ್ಗೆ ಬೆಟ್ಟ ಹತ್ತಿದೆ. ನೋವಾಗುತ್ತಾ ಅಂತ ಆರು ಭಾಷೆಯಲ್ಲಿ ಒಂದರಲ್ಲೂ ಕೇಳಲಿಲ್ಲ. ಕೇಳಿದರೆ ಹೌದು ಅಂದಾಳೆಂದು ಹೆದರಿದ್ದೆ. ನಿನ್ನ ಕಾಗದದಲ್ಲಿ ಆ ವಾಕ್ಯ ಓದಿದಾಗ ಬಾಯಿ ಕಟ್ಟಿದ್ದಕ್ಕೆ ಯಂತ್ರವೊಂದೇ ಕಾರಣವಲ್ಲ.

ಅದು ನಡೆದದ್ದು ಹೌದೋ ಅಲ್ಲವೋ ಅಂತ ನಿನಗೆ ಅನುಮಾನ ಬಂತಲ್ಲ. ಅನುಮಾನ ಬಂದರೆ ನನ್ನನ್ನು ಕೇಳಬೇಕಿತ್ತು. ಏಳು ಸಲವೂ ನಾನು ಅಮ್ಮನ ಬೆನ್ನು ನೋಡಿದ್ದೇನೆ. ನಾಲ್ಕು ವರ್ಷ ಮಲಗಿದವಳ ಮೈಮೇಲೆ ಒಂದು ಹುಣ್ಣಿರಲಿಲ್ಲ. ನಾನು ಎಣಿಸುವ ಹೆಂಗಸು. ಎಣಿಸಲು ಒಂದೂ ಸಿಗಲಿಲ್ಲ.

ಜೋರಾಗಿ ಹೇಳು.

ಫುಪು


ಭರತ್‌ಪುರ
ಮಾಘ 7

ಫುಪು,

ನೀವು ಲೆಕ್ಕದ ಕೊನೆಯ ಸಾಲನ್ನು ಮೊದಲು ನೋಡುವವರು, ಅದಕ್ಕೆ ಫಲಿತಾಂಶ ಮೊದಲು: ಆಯ್ಕೆಯಾಯಿತು. ನನ್ನದೂ ರಸ್ಮಿತಾಳದೂ, ಇನ್ನೂ ಮೂವರದೂ. ಜ್ಯೇಷ್ಠದಲ್ಲಿ ಹೊರಡುವುದು. ಸಂದರ್ಶನದ ದಿನ ಫೋನಿನ ಸರಾಸರಿ ಎಪ್ಪತ್ತೆಂಟಿತ್ತು. ಹಿತ್ತಲಲ್ಲಿ ಚೆನ್ನಾಗಿ ಕೇಳಿಸುತ್ತದೆ ಅಂತ ಸರ್ ನನ್ನನ್ನು ಒಂಬತ್ತರಲ್ಲಿ ಸೇರಿಸಿದ್ದರು.

ಪರದೆಯ ಮೇಲೆ ಇಬ್ಬರಿದ್ದರು. ಒಬ್ಬರು ಆಶ್ರಮದ ಮ್ಯಾನೇಜರು, ಇನ್ನೊಬ್ಬರು ಹಿರಿಯ ನರ್ಸ್, ತಲೆ ಪೂರ್ತಿ ಬೆಳ್ಳಗಾದವರು. ಈ ಕೆಲಸ ಯಾಕೆ ಬೇಕು ಅಂತ ಮ್ಯಾನೇಜರೇ ಕೇಳಿದರು. ಸಂಸ್ಕೃತಿಯ ವಾಕ್ಯ ನಾಲಿಗೆ ತುದಿಗೆ ಬಂತು, ಸುಳ್ಳು ಹೇಳುವುದಿಲ್ಲ. ಅದನ್ನು ನುಂಗಿ ಅಜ್ಜಿಯ ವಾಕ್ಯ ಹೇಳಿದೆ. ನರ್ಸ್ ಮುಂದಕ್ಕೆ ಬಾಗಿ, 'ಇನ್ನೊಂದು ಸಲ ಹೇಳ್ತೀರಾ?' ಅಂದರು. ಕಾರ್ತಿಕದಲ್ಲಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗೋಡೆಯಾಚೆಯ ಎಮ್ಮೆಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ.

ಹಸಿರು ಬರಲಿಲ್ಲ, ಕೆಂಪೂ ಬರಲಿಲ್ಲ. ನರ್ಸ್ ಕಡೆಯಿಂದ ಮುಂದಿನ ಪ್ರಶ್ನೆ ಬಂತು.

'ಬೆಳಿಗ್ಗೆ ಅಜ್ಜಿಯನ್ನ ಮೊದಲು ಯಾವ ಮಗ್ಗುಲಿಗೆ ತಿರುಗಿಸ್ತಿದ್ರಿ?'

ಇದಕ್ಕೆ ನನ್ನ ಹತ್ತಿರ ಯಾವ ವಾಕ್ಯವೂ ತಯಾರಿರಲಿಲ್ಲ. 'ಎಡಕ್ಕೆ' ಅಂದೆ.

'ಯಾಕೆ ಎಡಕ್ಕೆ?'

ಪದ ಒಂದೊಂದಾಗಿ ಹುಡುಕಿ ಜೋಡಿಸಿದೆ. ಬಹಳ ಹೊತ್ತಾಯಿತು. ಅವರು ಪೆನ್ನು ಕೆಳಗಿಟ್ಟು ಕೂತಿದ್ದರು. ಎಡಕ್ಕೆ ಕಿಟಕಿ ಇತ್ತು ಅಂದೆ. ಕಿಟಕಿಯಿಂದ ಮೇಲಿನ ಊರಿನ ದಾರಿ ಕಾಣುತ್ತಿತ್ತು. ಮಗಳು ಇಳಿದು ಬರುವುದು ಆ ದಾರಿಯಲ್ಲೇ. ಅದಕ್ಕೆ ಬೆಳಗಾದ ಕೂಡಲೇ ಆ ಕಡೆ ತಿರುಗಿಸು ಅನ್ನುತ್ತಿದ್ದರು ಅಂದೆ.

ಇದನ್ನು ನಿಮಗೆ ಹೇಳಬಾರದು ಅಂದುಕೊಂಡಿದ್ದೆ ಫುಪು, ನೊಂದುಕೊಳ್ಳುತ್ತೀರಿ ಅಂತ. ಆದರೆ ಪೂರ್ತಿ ಕೇಳಿ. ನೀವು ಬಂದಾಗಲೆಲ್ಲ ಮೊದಲು ಕಂಡದ್ದು ಅಜ್ಜಿಗೇ. ನನಗೆ ಇನ್ನೂ ಕಾಲುದಾರಿ ಮಾತ್ರ ಕಾಣುತ್ತಿರುವಾಗ, 'ಬಂದ್ಲು ನೋಡೇ ನಿನ್ನ ಫುಪು. ಅಷ್ಟು ದೂರದಿಂದಲೇ ಕತ್ತೆಯೋನ ಹತ್ರ ಮಾತಾಡ್ಕೊಂಡು ಬರ್ತಿದ್ದಾಳೆ' ಅಂತ ನಗುತ್ತಿದ್ದರು. ನಾನು ತಮ್ಮ ತಲೆ ಬಾಚುವವರೆಗೂ ಬಿಡುತ್ತಿರಲಿಲ್ಲ.

ಇದೆಲ್ಲವನ್ನೂ ಜಪಾನಿಯಲ್ಲಿ ಹೇಳಿದೆ. ಎಷ್ಟು ತಪ್ಪು ಹೋಯಿತೋ ಲೆಕ್ಕವಿಲ್ಲ. ಮ್ಯಾನೇಜರು ಗಡಿಯಾರ ನೋಡಿದರು. ನರ್ಸ್ ನೋಡಲಿಲ್ಲ.

'ಮಗಳು ಬಂದ್ರಾ?' ಅಂತ ಕೇಳಿದರು.

'ಬಂದ್ರು' ಅಂದೆ. 'ಏಳು ಸಲ.'

ಸುಬೀನಾ